ತಾಂಡಾ ಶಾಲೆಗೆ ಬರುವ ಅಕ್ಕೋರಿಗೆ ಯಾರು ಕಲಿಸಿದ್ದಾರೆ?

ಮಗುವನ್ನು ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಯಲ್ಲಿ ‘ಮಾತೃಭಾಷೆ’ ಅಂತ ಒಂದು ಕಾಲಂ ಇರುತ್ತದೆ. ನೀವೂ ತುಂಬಿರುತ್ತೀರಿ. ನಮ್ಮ ಕಡೆಯ ತಾಂಡಾಗಳಲ್ಲಿ ಅಲ್ಲಿ ‘ಲಂಬಾಣಿ’ ಅಂತ ಬರೆಯುತ್ತಾರೆ. ಕೆಲವು ಸಲ ಬರೆಯುವವರ ಅವಸರಕ್ಕೆ ‘ಕನ್ನಡ’ ಅಂತಲೂ ಬಿದ್ದಿರುತ್ತದೆ. ಏನು ಬರೆದರೂ ವ್ಯತ್ಯಾಸ ಆಗುವುದಿಲ್ಲ. ಆ ಕಾಲಂ ನೋಡಿ ಶಾಲೆಯಲ್ಲಿ ಯಾರೂ ಏನನ್ನೂ ಬದಲಿಸುವುದಿಲ್ಲ. ಮಗು ಮರುದಿನ ಬಂದು ಕೂರುತ್ತದೆ. ಅಕ್ಕೋರು ಕನ್ನಡದಲ್ಲಿ ಮಾತಾಡುತ್ತಾರೆ. ಮಗು ಅವರ ಮುಖ ನೋಡುತ್ತದೆ.

ಅಕ್ಕೋರದ್ದು ತಪ್ಪು ಅಂತ ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಮಾತು ಇರುವ ಮಗುವಿಗೆ ಹೇಗೆ ಪಾಠ ಮಾಡಬೇಕು ಅಂತ ಆ ಅಕ್ಕೋರಿಗೆ ಎರಡು ವರ್ಷದ ಡಿ.ಎಲ್.ಇಡಿ.ಯಲ್ಲಿ ಯಾರಾದರೂ ಕಲಿಸಿದ್ದಾರಾ? ಕಲಿಸಿಲ್ಲ ಅನ್ನುವುದೇ ನಮ್ಮ ದೂರು. ಪಠ್ಯಪುಸ್ತಕ ಸರಿ ಇಲ್ಲ ಅಂತ ರಾಜ್ಯದಲ್ಲಿ ನಡೆಯುವ ಜಗಳಗಳಲ್ಲಿ ಈ ಮಾತು ಬರುವುದೇ ಇಲ್ಲ.

ಇದನ್ನು ಬರೆಯುತ್ತಿರುವ ನಮ್ಮಲ್ಲಿ ಇಬ್ಬರು ತಾಂಡಾದಲ್ಲೇ ಹುಟ್ಟಿ ಬೆಳೆದವರು. ಉಳಿದವರು ಜೋಳದ ಸೀಮೆಯ ಊರುಗಳವರು, ಮನೆಯಲ್ಲಿ ಕನ್ನಡವೇ. ತಾಂಡಾದ ಗೆಳೆಯರಲ್ಲಿ ಒಬ್ಬ ಹೇಳುತ್ತಾನೆ: ‘ಒಂದನೇತ್ತೆ ಪೂರಾ ನನಗ ಬರ್ತಿದ್ದದ್ದು ಎರಡೇ. ಹಾಜರಿ ಕರೆದಾಗ ಎಸ್ ಸರ್ ಅನ್ನೋದು, ಹೊರಗ ಹೋಗಬೇಕಂದ್ರ ಕಿರಿಬೆರಳು ಎತ್ತೋದು.’ ಅವನನ್ನು ಎರಡು ವರ್ಷ ದಡ್ಡರ ಸಾಲಿನಲ್ಲಿ ಕೂರಿಸಿದ್ದರು. ಆಮೇಲೆ ಅವನು ಕನ್ನಡದಲ್ಲೇ ಪತ್ರಿಕೋದ್ಯಮ ಓದಿ ಎಂ.ಎ. ಮಾಡಿದ. ಅದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಅವನ ಜೊತೆ ಆ ಸಾಲಿನಲ್ಲಿ ಕೂತಿದ್ದ ಆರು ಜನರಲ್ಲಿ ಹತ್ತನೇ ಇಯತ್ತೆ ಮುಟ್ಟಿದವನು ಅವನೊಬ್ಬನೇ.

ಲಂಬಾಣಿ ಮಾತಿನ ಸ್ಥಿತಿಯೂ ವಿಚಿತ್ರವಾಗಿದೆ. 2011ರ ಜನಗಣತಿಯಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಇದನ್ನು ತಮ್ಮ ಮಾತೃಭಾಷೆ ಅಂತ ಬರೆಸಿದ್ದಾರೆ. ಆದರೆ ಸರ್ಕಾರ ಅದನ್ನು ಬೇರೆ ಭಾಷೆಯಾಗಿ ಎಣಿಸದೆ ಹಿಂದಿಯ ಒಳಗೆ ಸೇರಿಸಿ ಲೆಕ್ಕ ಕೊಟ್ಟಿದೆ. ಯಾದಗಿರಿಯ ತಾಂಡಾದ ಅಜ್ಜಿ ಸರ್ಕಾರದ ಲೆಕ್ಕದಲ್ಲಿ ಹಿಂದಿ ಮಾತಾಡುವವಳು! ಈ ಭಾಷೆಗೆ ಎಲ್ಲರೂ ಬಳಸುವ ಒಂದು ಲಿಪಿ ಇಲ್ಲ. ಇಲ್ಲಿ ಕನ್ನಡ ಅಕ್ಷರದಲ್ಲಿ, ತೆಲಂಗಾಣದಲ್ಲಿ ತೆಲುಗು ಅಕ್ಷರದಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ನಮ್ಮ ರಾಜ್ಯದಲ್ಲಿ ಉರ್ದು, ಮರಾಠಿ, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆ ಮಕ್ಕಳಿಗೆ ಅವರ ಮಾತು ಬರುವ ಮಾಸ್ತರು ಸಿಗುತ್ತಾರೆ. ಲಂಬಾಣಿ ಮಗುವಿಗೆ ಆ ದಾರಿ ಇಲ್ಲ.

2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿಯವರೇ ಬಂದು ತಾಂಡಾ ಜನರಿಗೆ ಹಕ್ಕುಪತ್ರ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ ಜಾಗದ ಕಾಗದ ಸಿಕ್ಕಿತು. ತಾಂಡಾಗಳು ಕಂದಾಯ ಗ್ರಾಮ ಆದವು. ಪಹಣಿಯಲ್ಲಿ ತಾಂಡಾಕ್ಕೆ ಹೆಸರು ಬಂತು. ಒಂದನೇ ತರಗತಿ ಕೋಣೆಯಲ್ಲಿ ಇನ್ನೂ ಬಂದಿಲ್ಲ.

ಕೆಲವು ತಿಂಗಳ ಹಿಂದೆ ಯಾದಗಿರಿ ಜಿಲ್ಲೆಯ ಒಂದು ತಾಂಡಾ ಶಾಲೆಗೆ ನಾವು ಹೋಗಿದ್ದೆವು. ಇಬ್ಬರು ಶಿಕ್ಷಕರ ಶಾಲೆ. ಒಬ್ಬರು ಅವತ್ತು ಬಿಇಒ ಆಫೀಸಿನ ಮೀಟಿಂಗಿಗೆ ಹೋಗಿದ್ದರು. ಉಳಿದವರು ಮಲೆನಾಡಿನ ಕಡೆಯಿಂದ ಬಂದ ಅಕ್ಕೋರು, ಕೆಲಸಕ್ಕೆ ಸೇರಿ ಎರಡು ವರ್ಷ. ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ, ನಲಿಕಲಿ ತಟ್ಟೆಗಳ ಸುತ್ತ ಕೂತಿದ್ದರು.

ಅಕ್ಕೋರು ಒಂದನೇತ್ತೆಯ ಹುಡುಗನಿಗೆ ಚಿತ್ರ ತೋರಿಸಿ ‘ಇದೇನು ಪುಟ್ಟಾ?’ ಅಂದರು. ಹುಡುಗ ಸುಮ್ಮನೆ ಇದ್ದ. ಆಗ ಅವರು ಆಚೆ ಕೋಣೆಯಿಂದ ನಾಲ್ಕನೇತ್ತೆಯ ಹುಡುಗಿಯನ್ನು ಕರೆದರು. ಆಕೆ ಬಂದು ಲಂಬಾಣಿಯಲ್ಲಿ ಕೇಳಿದಳು. ಹುಡುಗ ತಕ್ಷಣ ‘ಬಾಟಿ’ ಅಂದ. ಬಾಟಿ ಅಂದರೆ ರೊಟ್ಟಿ. ಹುಡುಗಿ ಅಕ್ಕೋರ ಕಡೆ ತಿರುಗಿ ‘ರೊಟ್ಟಿ ಅಂತಾನ್ರೀ’ ಅಂದಳು. ಅಕ್ಕೋರಿಗೆ ಖುಷಿಯಾಯಿತು.

ನಮಗೂ ಖುಷಿಯಾಯಿತು. ಆದರೆ ಆ ಹುಡುಗಿಯನ್ನು ನೋಡಿ ಒಂದು ಲೆಕ್ಕ ಹಾಕಿದೆವು. ದಿನಕ್ಕೆ ಎಷ್ಟು ಸಲ ಅವಳನ್ನು ಹೀಗೆ ಕರೆಯುತ್ತೀರಿ ಅಂತ ಕೇಳಿದಾಗ ಅಕ್ಕೋರು ಮುಚ್ಚಿಡದೆ ಹೇಳಿದರು: ‘ಲೆಕ್ಕ ಇಟ್ಟಿಲ್ಲ. ಅವಳಿಲ್ಲದಿದ್ದರೆ ನನಗೆ ಕ್ಲಾಸೇ ನಡೆಸಕ್ಕಾಗಲ್ಲ.’ ಒಂಬತ್ತು ವರ್ಷದ ಹುಡುಗಿ ತನ್ನ ಪಾಠ ಬಿಟ್ಟು ಸರ್ಕಾರದ ಪರವಾಗಿ ದುಭಾಷಿ ಕೆಲಸ ಮಾಡುತ್ತಿದ್ದಾಳೆ. ಸಂಬಳ ಇಲ್ಲ. ಅವಳ ನಾಲ್ಕನೇತ್ತೆ ಪಾಠ ಯಾರು ಮಾಡುತ್ತಾರೆ?

ಅದೇ ದಿನ ಇನ್ನೊಂದು ಕಂಡೆವು. ಆ ಬಾಟಿ ಹುಡುಗನಿಗೆ ಒಂದು, ಎರಡು, ಮೂರು ಬರುವುದಿಲ್ಲ ಅಂತ ಅಕ್ಕೋರ ಪಟ್ಟಿಯಲ್ಲಿ ಗುರುತು ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅವನು ಗೋಲಿ ಎಣಿಸುತ್ತ ಕೂತಿದ್ದ. ಏಕ್, ದಿ, ತೀನ್, ಚಾರ್... ಹತ್ತು ದಾಟಿ ತಡೆಯಿಲ್ಲದೆ ಹೋಗುತ್ತಿದ್ದ. ಅವನಿಗೆ ಎಣಿಕೆ ಬರುತ್ತದೆ. ಎಣಿಕೆಯ ಕನ್ನಡ ಹೆಸರು ಬರುವುದಿಲ್ಲ. ಗಣಿತ ಬರದ ಮಗುವಿಗೂ ಕನ್ನಡ ಬರದ ಮಗುವಿಗೂ ಮಾಡಬೇಕಾದ ಪಾಠ ಬೇರೆ ಬೇರೆ. ಈ ವ್ಯತ್ಯಾಸ ಗುರುತಿಸುವುದೇ ಒಂದನೇ ತರಗತಿ ಶಿಕ್ಷಕರ ಮುಖ್ಯ ವಿದ್ಯೆ. ಅದನ್ನು ಹೇಳಿಕೊಡಬೇಕಾದ್ದು ಟ್ರೇನಿಂಗ್ ಕಾಲೇಜು.

ಹಾಗಾದರೆ ಟ್ರೇನಿಂಗ್ ಕಾಲೇಜಿನಲ್ಲಿ ಏನು ಕಲಿಸುತ್ತಾರೆ?

ನಿಮ್ಮಲ್ಲಿ ಹಿರಿಯರಿಗೆ ಟಿಸಿಹೆಚ್ ಗೊತ್ತು. ಪಿಯುಸಿ ಆದಮೇಲೆ ಟಿಸಿಹೆಚ್ ಮಾಡಿದರೆ ಮಾಸ್ತರಿಕೆ ಸಿಗುತ್ತಿದ್ದ ಕಾಲ ಅದು. ಅದೇ ಮುಂದೆ ಡಿ.ಇಡಿ. ಆಯಿತು, ಈಗ ಡಿ.ಎಲ್.ಇಡಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ ಬಂತು. ಜಿಲ್ಲೆಯ ಶಿಕ್ಷಕರನ್ನು ಜಿಲ್ಲೆಯಲ್ಲೇ, ಜಿಲ್ಲೆಯ ಪರಿಸ್ಥಿತಿ ನೋಡಿ ತಯಾರು ಮಾಡಬೇಕು ಅನ್ನುವುದೇ ಡಯಟ್ ಹಿಂದಿನ ಯೋಚನೆ. ಯೋಚನೆ ಬಹಳ ಒಳ್ಳೆಯದು. ಯಾದಗಿರಿಯ ಡಯಟ್ ಯಾದಗಿರಿಯ ತಾಂಡಾಕ್ಕೆ ಬೇಕಾದ ಶಿಕ್ಷಕರನ್ನು ತಯಾರು ಮಾಡಬೇಕು, ಚಾಮರಾಜನಗರದ್ದು ಸೋಲಿಗರ ಪೋಡಿಗೆ ಬೇಕಾದವರನ್ನು.

ನಡೆಯುತ್ತಿರುವುದು ಬೇರೆ. ಡಿ.ಎಲ್.ಇಡಿ. ಮುಗಿಸಿದ ನಮ್ಮ ನಾಲ್ಕೈದು ಗೆಳೆಯ ಗೆಳತಿಯರನ್ನು ಕೂರಿಸಿ ಕೇಳಿದೆವು. ಬಹುಭಾಷಾ ತರಗತಿ ಅನ್ನುವ ಮಾತು ನೋಟ್ಸಿನಲ್ಲಿ ಬಂದಿತ್ತು, ಅದಕ್ಕೊಂದು ಪ್ರಶ್ನೆಯೂ ಬೀಳುತ್ತಿತ್ತು ಅಂದರು. ಪ್ರಶ್ನೆಗೆ ಉತ್ತರ ಬರೆದಿದ್ದಾರೆ, ಅಂಕ ಬಂದಿದೆ. ಅಂಥ ತರಗತಿಯಲ್ಲಿ ಒಂದು ದಿನ ನಿಂತು ಪಾಠ ಮಾಡಿದವರು ಅವರಲ್ಲಿ ಯಾರೂ ಇಲ್ಲ. ಬೋಧನಾಭ್ಯಾಸಕ್ಕೆ ಹೋದದ್ದು ಕಾಲೇಜಿಗೆ ಹತ್ತಿರದ, ಬಸ್ಸು ಇರುವ, ಶಿಕ್ಷಕರು ತುಂಬಿರುವ ಶಾಲೆಗಳಿಗೆ. ಅಲ್ಲಿ ಒಂದು ತರಗತಿಗೆ ಒಬ್ಬ ಶಿಕ್ಷಕರು. ಕೆಲಸ ಸಿಕ್ಕಿದ್ದು ಮೂರು ತರಗತಿಗೆ ಒಬ್ಬರಿರುವ ಶಾಲೆಯಲ್ಲಿ. ಒಬ್ಬ ಗೆಳತಿ ನಗುತ್ತಲೇ ಹೇಳಿದಳು: ‘ನಾವು ಪಾಠ ಯೋಜನೆ ಬರೆದ ಹಾಳೆ ತೂಕಕ್ಕೆ ಹಾಕಿದ್ರ ಒಂದು ಕ್ವಿಂಟಲ್ ಆಗ್ತದ. ಅದರಾಗ ಮಗು ಸುಮ್ಮನ ಕೂತ್ರ ಏನು ಮಾಡಬೇಕು ಅಂತ ಒಂದು ಕಾಲಂ ಇಲ್ಲ.’

ಇಲ್ಲಿ ಒಂದು ಮಾತು ಹೇಳಲೇಬೇಕು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿತು. ಒಂದರಿಂದ ಐದನೇ ತರಗತಿಗೆ ಪಾಠ ಮಾಡಲು ಬಿ.ಇಡಿ. ಸಾಲದು, ಡಿ.ಎಲ್.ಇಡಿ.ಯೇ ಬೇಕು ಅಂತ. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ ಅಂತ ನ್ಯಾಯಾಲಯ ಒಪ್ಪಿದ ಹಾಗಾಯಿತು. ನಮಗೆ ಇದು ಸರಿ ಅನ್ನಿಸಿತು. ಆದರೆ ಇದೇ ಹೊತ್ತಿಗೆ ರಾಜ್ಯದಲ್ಲಿ ಡಿ.ಎಲ್.ಇಡಿ. ಕಾಲೇಜುಗಳು ವಿದ್ಯಾರ್ಥಿಗಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನೇಮಕಾತಿ ವರ್ಷಗಟ್ಟಲೆ ಇಲ್ಲದಿದ್ದರೆ ಯಾರು ಸೇರುತ್ತಾರೆ? ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಹಾಕುತ್ತಾರೆ. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಗೌರವಧನ, ಅದೂ ಬಂದಾಗ ಬಂತು. ಇಡೀ ವರ್ಷ ಒಂದನೇತ್ತೆ ಅವರ ಕೈಯಲ್ಲೇ. ಅವರೆಲ್ಲರಿಗೂ ತರಬೇತಿ ಆಗಿರುವುದಿಲ್ಲ.

ತಮಾಷೆ ಅಂದರೆ, ತಾಂಡಾದ ಮಟ್ಟಿಗೆ ಎಷ್ಟೋ ಸಲ ಆ ಅತಿಥಿ ಶಿಕ್ಷಕಿಯೇ ಪರವಾಗಿಲ್ಲ. ಆಕೆ ಅದೇ ತಾಂಡಾದವಳಾದರೆ ಮಕ್ಕಳ ಜೊತೆ ಲಂಬಾಣಿಯಲ್ಲಿ ಮಾತಾಡುತ್ತಾಳೆ. ಮಕ್ಕಳು ಬಾಯಿ ಬಿಡುತ್ತಾರೆ. ಒಬ್ಬರ ಹತ್ತಿರ ತರಬೇತಿ ಇದೆ, ಮಗುವಿನ ಮಾತು ಇಲ್ಲ. ಇನ್ನೊಬ್ಬರ ಹತ್ತಿರ ಮಾತು ಇದೆ, ತರಬೇತಿ ಇಲ್ಲ.

ಪುಸ್ತಕದ ವಿಷಯಕ್ಕೆ ಬರೋಣ.

ಪಠ್ಯಪುಸ್ತಕದ ಜಗಳ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಅದನ್ನು ಬದಲಿಸಿತು. 2023ರಲ್ಲಿ ಸರ್ಕಾರ ಬದಲಾಗಿ ಮತ್ತೆ ಕೆಲವು ಪಾಠ ತೆಗೆದರು, ಕೆಲವು ಸೇರಿಸಿದರು. ಟಿವಿಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಯಾರ ಪಾಠ ಇರಬೇಕು, ಯಾರದ್ದು ಹೋಗಬೇಕು ಅನ್ನುವುದು ಸಣ್ಣ ವಿಷಯ ಅಂತ ನಾವು ಹೇಳುವುದಿಲ್ಲ. ಆದರೆ ಗಲಾಟೆಯೆಲ್ಲ ಹೆಚ್ಚಾಗಿ ಹೈಸ್ಕೂಲಿನ ಪಾಠಗಳ ಮೇಲೆ. ಹೈಸ್ಕೂಲು ಮುಟ್ಟುವ ಮೊದಲೇ ಬಿಟ್ಟುಹೋಗುವ ಮಗುವಿಗೆ ಆ ಪಾಠ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

‘ಎಲ್ಲ ಸಂಸ್ಕೃತಿಗೂ ಪುಸ್ತಕದಲ್ಲಿ ಜಾಗ ಕೊಡಬೇಕು’ ಅಂದಾಗ ಸಮಿತಿಗಳು ಮಾಡುವ ಕೆಲಸ ನಿಮಗೂ ಗೊತ್ತು. ಒಂದು ಪುಟದಲ್ಲಿ ಕನ್ನಡಿ ಲಂಗ ಹಾಕಿದ ಹೆಂಗಸಿನ ಚಿತ್ರ. ಕೆಳಗೆ ‘ಲಂಬಾಣಿ ನೃತ್ಯ’ ಅಂತ ಒಂದು ಸಾಲು. ಶಾಲಾ ವಾರ್ಷಿಕೋತ್ಸವಕ್ಕೆ ಅದೇ ಡ್ರೆಸ್ ಬಾಡಿಗೆಗೆ ತಂದು ನಾಲ್ಕು ಹುಡುಗಿಯರ ಡ್ಯಾನ್ಸು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದೆ, ಅದು ನಿಜಕ್ಕೂ ದೊಡ್ಡ ಮಾತು. ಆದರೆ ನಮ್ಮ ತಾಂಡಾದ ಗೆಳತಿ ಕೇಳುತ್ತಾಳೆ: ‘ನಮ್ಮವ್ವ ಜೀವಮಾನ ಪೂರ್ತಿ ಪುಣೆದಾಗ ಇಟ್ಟಂಗಿ ಹೊತ್ತಾಳ. ಪುಸ್ತಕದಾಗ ಮಾತ್ರ ಕುಣೀತಾಳ. ಇಟ್ಟಂಗಿ ಯಾಕ ಇಲ್ಲ?’

ಹಾಗಾದರೆ ಎಂಥ ಪಾಠ ಬೇಕು? ಒಂದು ಉದಾಹರಣೆ ಕೊಡುತ್ತೇವೆ. ತಾಂಡಾದವರಿಗೆ ತೀಜ್ ಹಬ್ಬ ಗೊತ್ತು. ಶ್ರಾವಣದ ಹೊತ್ತಿಗೆ ಮದುವೆಯಾಗದ ಹುಡುಗಿಯರು ಸಣ್ಣ ಬುಟ್ಟಿಗಳಲ್ಲಿ ಮಣ್ಣು, ಗೊಬ್ಬರ ಹಾಕಿ ಗೋಧಿ ಬಿತ್ತುತ್ತಾರೆ. ದಿನವೂ ಹಾಡು ಹೇಳುತ್ತ ನೀರು ಹಾಕುತ್ತಾರೆ. ಒಂಬತ್ತು ದಿನದ ಹೊತ್ತಿಗೆ ಸಸಿ ಎದ್ದು ನಿಲ್ಲುತ್ತದೆ. ಯಾರ ಬುಟ್ಟಿಯ ಸಸಿ ಎತ್ತರ, ಯಾರದ್ದು ಹಳದಿ ಅಂತ ನೋಡುತ್ತಾರೆ. ಶಾಲೆಯಲ್ಲಿ ಬೀಜ ಮೊಳಕೆ ಒಡೆಯುವ ಪಾಠ ಇದ್ದೇ ಇದೆ. ನೀರು, ಗಾಳಿ, ಹದವಾದ ಶಾಖ ಬೇಕು ಅಂತ ಬಾಯಿಪಾಠ ಮಾಡಿಸುತ್ತಾರೆ. ಅದೇ ಮಗುವಿನ ಅಕ್ಕ ಮನೆಯಲ್ಲಿ ಒಂಬತ್ತು ದಿನದ ಪ್ರಯೋಗ ನಡೆಸಿರುತ್ತಾಳೆ! ಕತ್ತಲಲ್ಲಿ ಇಟ್ಟ ಬುಟ್ಟಿಯ ಸಸಿ ಯಾಕೆ ಹಳದಿ, ಬಿಸಿಲಲ್ಲಿ ಇಟ್ಟದ್ದು ಯಾಕೆ ಹಸಿರು ಅಂತ ಅಕ್ಕೋರು ಕೇಳಿದರೆ ವಿಜ್ಞಾನದ ಪಾಠ ಅಲ್ಲೇ ಶುರುವಾಗುತ್ತದೆ. ದಿನಕ್ಕೆ ಎಷ್ಟು ಬೆರಳು ಬೆಳೆಯಿತು ಅಂತ ಅಳೆದರೆ ಗಣಿತವೂ ಬಂತು. ಪುಸ್ತಕದ ಒಂದು ಪುಟವನ್ನೂ ಬದಲಿಸಬೇಕಾಗಿಲ್ಲ. ತೀಜ್ ಅಂದರೇನು ಅಂತ ಅಕ್ಕೋರಿಗೆ ಗೊತ್ತಿರಬೇಕು, ಅಷ್ಟೇ. ಗೊತ್ತಿಲ್ಲದಿದ್ದರೆ ಕೇಳಿ ತಿಳಿಯುವ ಅಭ್ಯಾಸ ಇರಬೇಕು.

ಸಮಾಜ ವಿಜ್ಞಾನವೂ ಹೀಗೆಯೇ. ಹಳೆಯ ಕಾಲದ ವ್ಯಾಪಾರದ ಪಾಠ ಮಾಡುವಾಗ ಎತ್ತಿನ ಹಿಂಡಿನ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನ್ ತುಂಬ ಓಡಾಡಿದವರು ಯಾರು? ಮೊಗಲರ ದಂಡಿಗೆ ಕಾಳು ಮುಟ್ಟಿಸಿದವರು ಯಾರು? ಎದುರಿಗೆ ಕೂತ ಮಗುವಿನ ಹಿರೀಕರು. ಊರಿನ ಕನ್ನಡ ಮಕ್ಕಳಿಗೂ ಇದು ಗೊತ್ತಾಗಲಿ. ‘ಲಮಾಣ್ಯಾ’ ಅಂತ ಬೈಗುಳದ ಹಾಗೆ ಕರೆಯುವ ಬಾಯಿ ಸ್ವಲ್ಪ ತಡೆಯಬಹುದು.

ಗುಳೆಯ ವಿಷಯ ಇನ್ನೂ ಗಟ್ಟಿ. ದಸರಾ, ದೀಪಾವಳಿ ಆದಮೇಲೆ ಎಷ್ಟೋ ತಾಂಡಾಗಳು ಖಾಲಿಯಾಗುತ್ತವೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಮುಂಬೈ, ಪುಣೆ, ಗೋವಾ, ಬೆಂಗಳೂರಿಗೆ. ಯುಗಾದಿ ಹೊತ್ತಿಗೆ ಮಗು ವಾಪಸು ಬಂದಾಗ ಹಾಜರಿ ಪುಸ್ತಕದಲ್ಲಿ ಗೈರು, ಕಲಿಕೆಯ ಪಟ್ಟಿಯಲ್ಲಿ ‘ಹಿಂದುಳಿದ’. ಆ ಮಗು ಅಲ್ಲಿ ಮರಾಠಿ ಕಲಿತಿರುತ್ತದೆ, ಹಿಂದಿ ಕಲಿತಿರುತ್ತದೆ, ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕ ಮಾಡಿ ಬಂದಿರುತ್ತದೆ. ಆರು ವರ್ಷಕ್ಕೆ ಮೂರು ಭಾಷೆ ಬರುವ ಮಗುವಿಗೆ ನಮ್ಮ ಶಾಲೆ ಕೊಡುವ ಹೆಸರು ‘ನಿಧಾನ ಕಲಿಕೆಯವನು’!

ತಾಂಡಾದ ಮಾತಷ್ಟೇ ಆಯಿತಲ್ಲ, ನಮ್ಮ ಮಕ್ಕಳು ಕನ್ನಡದವರು ಅಂತ ನೀವು ಅನ್ನಬಹುದು. ಸ್ವಲ್ಪ ತಾಳಿ. ನಮ್ಮ ಕಡೆಯ ಮಗು ಮನೆಯಲ್ಲಿ ‘ಹೊಂಟೀನಿ’, ‘ಬ್ಯಾಡ’, ‘ಇಲ್ಲೇ ಅದಾ’ ಅನ್ನುತ್ತದೆ. ಪುಸ್ತಕದಲ್ಲಿ ‘ಹೋಗುತ್ತಿದ್ದೇನೆ’, ‘ಬೇಡ’, ‘ಇಲ್ಲೇ ಇದೆ’. ‘ಅದಾ’ ಅಂದಾಗ ‘ಸರಿಯಾಗಿ ಕನ್ನಡ ಮಾತಾಡು’ ಅಂತ ಗದರಿಸಿಕೊಂಡವರು ನಮ್ಮಲ್ಲೇ ಮೂವರಿದ್ದಾರೆ. ತುಳು, ಕೊಡವ ಮನೆಗಳಲ್ಲಿ, ಜೇನುಕುರುಬರ ಹಾಡಿಗಳಲ್ಲಿ, ಗಡಿ ಊರುಗಳಲ್ಲಿ ಇದೇ ಕಥೆ, ಬೇರೆ ಬೇರೆ ಪ್ರಮಾಣದಲ್ಲಿ. ಒಂದು ಪ್ರದೇಶದ ಓದಿದವರ ಕನ್ನಡವೊಂದೇ ಶಾಲೆಯ ಭಾಷೆ ಅಂತ ಅಂದುಕೊಂಡರೆ ರಾಜ್ಯದ ಅರ್ಧ ಮಕ್ಕಳು ಮೊದಲ ದಿನವೇ ತಪ್ಪಿತಸ್ಥರಾಗುತ್ತಾರೆ.

ಇದಕ್ಕೆ ದಾರಿ ನಮ್ಮ ರಾಜ್ಯದಲ್ಲೇ ಒಮ್ಮೆ ಸಿಕ್ಕಿತ್ತು. ನಲಿಕಲಿ ಶುರುವಾದದ್ದು ಬೆಂಗಳೂರಿನ ಆಫೀಸಿನಲ್ಲಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು ಮಾಡಿದರು. ಯುನಿಸೆಫ್ ನೆರವು ಕೊಟ್ಟಿತು. ಸುತ್ತಲಿನ ಹಾಡು, ಆಟ, ಕಥೆ ಅದರಲ್ಲಿ ಬಂದವು. ಶಿಕ್ಷಕರೇ ಮಾಡಿದ್ದರಿಂದ ಅವರಿಗೆ ಅದರ ಮೇಲೆ ಪ್ರೀತಿ ಇತ್ತು. 2009-10ರಲ್ಲಿ ಅದನ್ನು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ತಂದರು. ತಂದದ್ದು ಒಳ್ಳೆಯದೇ. ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಕಾರ್ಡು ಅಚ್ಚಾಗಿ ಬಂತು. ಹೆಗ್ಗಡದೇವನಕೋಟೆಯಿಂದ ಕಾರ್ಡು ರಾಜ್ಯಕ್ಕೆ ಹೋಯಿತು, ಕಾರ್ಡು ಮಾಡುವ ವಿದ್ಯೆ ಹೋಗಲಿಲ್ಲ. ನಮ್ಮ ಪ್ರಕಾರ ಹೋಗಬೇಕಾಗಿದ್ದದ್ದು ಎರಡನೆಯದು.

ಇನ್ನೊಂದು ದಾರಿ ಒಡಿಶಾದಲ್ಲಿದೆ. 2006-07ರ ಸುಮಾರಿಗೆ ಅವರು ಹತ್ತು ಬುಡಕಟ್ಟು ಭಾಷೆಗಳಲ್ಲಿ ಸಣ್ಣ ತರಗತಿ ಪಾಠ ಶುರು ಮಾಡಿದರು. ಅದೇ ಸಮುದಾಯದ ಯುವಕ ಯುವತಿಯರನ್ನು ಭಾಷಾ ಶಿಕ್ಷಕರಾಗಿ ತೆಗೆದುಕೊಂಡರು. ಪುಸ್ತಕ ಒಡಿಯಾ ಲಿಪಿಯಲ್ಲಿ, ಮಾತು ಮಗುವಿನದು. ಮಗು ನಿಧಾನಕ್ಕೆ ಒಡಿಯಾಕ್ಕೆ ದಾಟುತ್ತದೆ. ಎಲ್ಲ ಸರಿ ನಡೆದಿದೆ ಅಂತಲ್ಲ. ಆದರೆ ಅವರು ಕೈ ಹಾಕಿದ್ದಾರೆ. ನಮ್ಮಲ್ಲಿ ಮೈಸೂರಿನಲ್ಲೇ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಭಾಷಾ ತಜ್ಞರು ಇಲ್ಲೇ ಇದ್ದಾರೆ. ಡಯಟ್‌ಗೂ ಅವರಿಗೂ ನಡುವೆ ಒಂದು ಬಸ್ಸಿನ ದಾರಿ ಅಷ್ಟೇ.

ತಾಂಡಾದಲ್ಲಿ ಈ ಮಾತು ತೆಗೆದಾಗ ಮೊದಲು ವಿರೋಧಿಸಿದವರು ತಂದೆ ತಾಯಿಯರೇ. ‘ಲಂಬಾಣಿ ಕಲಿಯಾಕ ಸಾಲಿಗೆ ಯಾಕ ಹೋಗಬೇಕು? ಮನ್ಯಾಗ ಕಲೀತಾವ. ಇಂಗ್ಲಿಷ್ ಕಲಿಸ್ರಿ’ ಅಂತ ಒಬ್ಬ ಕಾರಬಾರಿ ನಮ್ಮ ಮುಖಕ್ಕೇ ಹೇಳಿದರು. ಅವರ ಮಾತಿನಲ್ಲಿ ತೂಕ ಇದೆ. ಊರ ಗೌಡರ ಮೊಮ್ಮಕ್ಕಳು ಹಳದಿ ಬಸ್ಸಿನಲ್ಲಿ ಕಾನ್ವೆಂಟಿಗೆ ಹೋಗುವುದನ್ನು ದಿನಾ ನೋಡುವವರಿಗೆ ‘ನಿಮ್ಮ ಮಗು ಲಂಬಾಣಿಯಲ್ಲಿ ಕಲಿಯಲಿ’ ಅಂದರೆ ಸಿಟ್ಟು ಬರುವುದು ಸಹಜ. ನಾವೂ ಅದನ್ನು ಕೇಳುತ್ತಿಲ್ಲ. ಲಂಬಾಣಿ ಮಾಧ್ಯಮ ಶಾಲೆ ಬೇಡ. ಮಗು ಕನ್ನಡ ಚೆನ್ನಾಗಿ ಕಲಿಯಬೇಕು, ಇಂಗ್ಲಿಷೂ ಕಲಿಯಬೇಕು. ಹೊಳೆ ದಾಟಲು ಸೇತುವೆ ಬೇಕು ಅಂತಷ್ಟೇ ನಮ್ಮ ಮಾತು. ಸೇತುವೆ ಈ ದಡದಿಂದ ಶುರುವಾಗಬೇಕಲ್ಲ. ‘ಬಾಟಿ’ ಅಂದ ಮಗುವಿಗೆ ‘ಹೌದು, ಬಾಟಿ. ಕನ್ನಡದಾಗ ರೊಟ್ಟಿ ಅಂತೀವಿ’ ಅಂತ ಹೇಳುವಷ್ಟು ಅಕ್ಕೋರಿಗೆ ಬಂದರೆ ಮೊದಲ ಕಂಬ ನಿಂತಂತೆ.

ಇಂಗ್ಲಿಷಿನ ವಿಷಯದಲ್ಲಿ ಇದು ಇನ್ನೂ ಕಷ್ಟ. 2019ರಲ್ಲಿ ಸರ್ಕಾರ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು, ಆಮೇಲೆ ಇನ್ನಷ್ಟು ಶಾಲೆಗಳು ಸೇರಿದವು. ಕನ್ನಡದಲ್ಲಿ ಡಿ.ಇಡಿ. ಮಾಡಿದ ಶಿಕ್ಷಕರಿಗೆ ಕೆಲವು ದಿನದ ತರಬೇತಿ ಕೊಟ್ಟು ಕಳಿಸಿದರು. ಲಂಬಾಣಿ ಮನೆಯ ಮಗು, ಕನ್ನಡ ಶಿಕ್ಷಕರು, ಇಂಗ್ಲಿಷ್ ಪುಸ್ತಕ. ಮೂವರೂ ಮೂರು ದಿಕ್ಕಿಗೆ. ರಾಜ್ಯ ಶಿಕ್ಷಣ ನೀತಿ ಬಗ್ಗೆ ಪ್ರೊ. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಐದನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಕಲಿಸಿ ಅಂದಿದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಕೂಡ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುತ್ತದೆ. ಮಗು ಭಯವಿಲ್ಲದೆ ಕಲಿಯಬೇಕು ಅಂತಲೂ ಅದೇ ಕಲಮಿನಲ್ಲಿದೆ. ‘ಸಾಧ್ಯವಾದ ಮಟ್ಟಿಗೆ’ ಅನ್ನುವ ಎರಡು ಪದದ ಸಂದಿಯಲ್ಲಿ ತಾಂಡಾದ ಮಗು ಬಿದ್ದುಹೋಗಿದೆ.

ಶಿಕ್ಷಕರ ಕಡೆಯಿಂದಲೂ ಒಂದು ಮಾತು ಬರುತ್ತದೆ. ಬಿಸಿಯೂಟ, ಮೊಟ್ಟೆ, ಹಾಲು, ಸಮೀಕ್ಷೆ, ಚುನಾವಣೆ ಕೆಲಸ, ಆನ್‌ಲೈನ್ ಎಂಟ್ರಿ, ಇದರ ಮೇಲೆ ಲಂಬಾಣಿಯನ್ನೂ ಕಲೀಬೇಕಾ ಅಂತ. ಬೇಸರ ನ್ಯಾಯವಾದದ್ದು. ಅದಕ್ಕೇ ನಾವು ಹೇಳುವುದು, ಇದನ್ನು ಕೆಲಸಕ್ಕೆ ಸೇರಿದ ಮೇಲೆ ಹೊರಿಸಬೇಡಿ. ಕೆಲಸಕ್ಕೆ ಮೊದಲೇ ಕಲಿಸಿ.

ಡಯಟ್ ವಿದ್ಯಾರ್ಥಿಗಳ ಬೋಧನಾಭ್ಯಾಸದಲ್ಲಿ ಒಂದಿಷ್ಟು ವಾರ ತಾಂಡಾ ಶಾಲೆಯಲ್ಲೇ ಕಡ್ಡಾಯ ಆಗಲಿ, ಕೊಡಗಿನಲ್ಲಾದರೆ ಹಾಡಿ ಶಾಲೆಯಲ್ಲಿ. ಒಬ್ಬರೇ ಮೂರು ತರಗತಿ ನಡೆಸುವುದು ಹೇಗೆ ಅಂತ ಅಲ್ಲಿ ಕಣ್ಣಾರೆ ನೋಡಲಿ. ಆ ವಾರಗಳಲ್ಲಿ ಒಂದು ನೋಟ್‌ಬುಕ್ ಮಾಡಲಿ. ತಾಂಡಾದ ಅಜ್ಜಿಯರ ಹತ್ತಿರ ಕೂತು ಮುನ್ನೂರು ಪದ, ಹತ್ತು ಒಗಟು, ನಾಲ್ಕು ಕಥೆ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ. ನೀರಿಗೆ ಪಾಣಿ, ಅವ್ವನಿಗೆ ಯಾಡಿ, ಮನೆಗೆ ಘರ್. ಅದಕ್ಕೆ ಪಾಠ ಯೋಜನೆಯಷ್ಟೇ ಅಂಕ ಕೊಡಿ. ಅಂಕ ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ, ನಮಗೂ ಗೊತ್ತು. ಹತ್ತು ವರ್ಷ ಹೀಗೆ ನಡೆದರೆ ಡಯಟ್ ಲೈಬ್ರರಿಯಲ್ಲಿ ಜಿಲ್ಲೆಯ ಮಾತಿನ ದೊಡ್ಡ ಭಂಡಾರವೇ ಕೂಡುತ್ತದೆ. ಪುಸ್ತಕ ಬರೆಯುವ ಸಮಿತಿಗೆ ಬೇಕಾದ ಸಾಮಗ್ರಿ ಅಲ್ಲೇ ಇರುತ್ತದೆ.

ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವಾಗ ಆ ಊರಿನ ಮಕ್ಕಳ ಮಾತು ಬರುವವರಿಗೆ ಆದ್ಯತೆ ಇರಲಿ, ಅವರಿಗೆ ಬೇಸಿಗೆಯಲ್ಲಿ ಡಯಟ್‌ನಲ್ಲಿ ತರಬೇತಿ ಸಿಗಲಿ. ತಾಂಡಾದಲ್ಲಿ ಪಿಯುಸಿ, ಡಿಗ್ರಿ ಮಾಡಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಅವರಿಗೆ ಡಿ.ಎಲ್.ಇಡಿ. ಸೀಟು, ಹಾಸ್ಟೆಲ್, ಶುಲ್ಕ ಮಾಫಿ ಕೊಟ್ಟು ಓದಿಸಿ, ತಾಂಡಾ ಶಾಲೆಗೇ ಕಳಿಸಬಹುದು. 2009ರಿಂದ ತಾಂಡಾ ಅಭಿವೃದ್ಧಿ ನಿಗಮ ಇದೆ. ಸಿಸಿ ರಸ್ತೆ, ಸಮುದಾಯ ಭವನದ ಜೊತೆ ಇದಕ್ಕೂ ಒಂದಿಷ್ಟು ದುಡ್ಡು ಇಡಲಿ. ನಾಲ್ಕನೇತ್ತೆ ಹುಡುಗಿ ತನ್ನ ಪಾಠಕ್ಕೆ ವಾಪಸು ಹೋಗಲಿ.

ಇದೆಲ್ಲ ಬೆಂಗಳೂರಿನಲ್ಲಿ ಆಗಬೇಕಾದದ್ದು, ಆಗುವಾಗ ಆಗಲಿ. ನಿಮ್ಮ ಊರಲ್ಲಿ ಈ ತಿಂಗಳೇ ಆಗುವಂಥದ್ದೂ ಇದೆ. ಎಸ್‌ಡಿಎಂಸಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಹಕ್ಕು ಅದಕ್ಕಿದೆ. ಹೆಚ್ಚಿನ ಕಡೆ ಕಾಂಪೌಂಡು, ಶೌಚಾಲಯ, ಬಣ್ಣ ಅಂತ ಬರೆದು ಸಹಿ ಹಾಕಿ ಕಳಿಸುತ್ತಾರೆ. ಮುಂದಿನ ಸಭೆಯಲ್ಲಿ ಹಾಜರಿ ಪುಸ್ತಕ ತರಿಸಿ, ಒಂದನೇತ್ತೆಯ ಮಕ್ಕಳ ಮನೆಮಾತು ಯಾವುದು ಅಂತ ಒಂದೊಂದೇ ಹೆಸರು ಓದಿಸಿ. ‘ಹಿಂದುಳಿದ’ ಅಂತ ಗುರುತು ಹಾಕಿದ ಮಕ್ಕಳಲ್ಲಿ ಎಷ್ಟು ಜನರ ಮನೆಮಾತು ಬೇರೆ ಅಂತ ಕೇಳಿ. ಆ ಮಕ್ಕಳನ್ನು ಅವರ ಮಾತಿನಲ್ಲೇ ಇನ್ನೊಮ್ಮೆ ಎಣಿಸಲು, ಹೆಸರು ಹೇಳಲು ಬಿಟ್ಟು ನೋಡಿ ಅಂತ ಅಕ್ಕೋರಿಗೆ ಗೌರವದಿಂದಲೇ ಹೇಳಿ. ವಾರಕ್ಕೊಂದು ದಿನ ತಾಂಡಾದ ಒಬ್ಬ ಅಜ್ಜಿ ಶಾಲೆಗೆ ಬಂದು ಕಥೆ ಹೇಳಲಿ ಅಂತ ಯೋಜನೆಯಲ್ಲಿ ಬರೆಸಿ. ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ, ಒಂದು ಕುರ್ಚಿ, ಒಂದು ಕಪ್ ಚಹಾ ಸಾಕು.

ಸಭೆಯಲ್ಲಿ ಏನಾಯಿತು, ಎಷ್ಟು ಹೆಸರು ಬಂದವು ಅಂತ ನಮಗೆ ವಾಟ್ಸಾಪಿನಲ್ಲಿ ಕಳಿಸಿ. ಬರೆಯಲು ಬೇಸರವಾದರೆ ವಾಯ್ಸ್ ಮೆಸೇಜ್ ಹಾಕಿ. ಲಂಬಾಣಿಯಲ್ಲಿ ಹಾಕಿದರೂ ನಡೆಯುತ್ತದೆ, ಕೇಳಿ ಬರೆದುಕೊಳ್ಳುವವರು ನಮ್ಮಲ್ಲಿ ಇಬ್ಬರಿದ್ದಾರೆ.